ನೌಕೆಯ ಒಡಲು, ಮೂಳೆಯ ಹಂದರ: ಓದುಗರ ಪ್ರಶ್ನೆಗಳಿಗೆ ಉತ್ತರ

ಬಾಹ್ಯಾಕಾಶ ನೌಕೆಯ ಒಡಲನ್ನು ಎಲುಬುಗೂಡಿನ ಮಾದರಿಯಲ್ಲಿ ವಿನ್ಯಾಸ ಮಾಡುವ ಬಗ್ಗೆ ಬೆಂಗಳೂರಿನ ಓದುಗರಿಂದ ಬಂದ ಪ್ರಶ್ನೆಗಳಲ್ಲಿ ಎಂಟನ್ನು ಇಲ್ಲಿ ತೆಗೆದುಕೊಂಡಿದ್ದೇವೆ. ಕೇಳಿದವರಲ್ಲಿ ಪಿಯುಸಿ ಓದುವವರಿದ್ದಾರೆ, ಗೇಮ್‌ಗಳಿಗೆ ಚಿತ್ರ ಮಾಡುವವರಿದ್ದಾರೆ, ಲೇತ್ ನಡೆಸುವವರೂ ಇದ್ದಾರೆ. ಒಂದೇ ಮಾತನ್ನು ಎರಡು ಕಡೆ ಹೇಳಬೇಕಾಗಿ ಬಂದಲ್ಲಿ ಹೇಳಿದ್ದೇವೆ. ಅದನ್ನು ಎರಡು ಸಲ ಕೇಳಿಸಿಕೊಳ್ಳುವ ಅಗತ್ಯವೂ ಇದೆ.

ನೌಕೆಯ ಚೌಕಟ್ಟನ್ನು ಮೂಳೆಯಂತೆ ಮಾಡುತ್ತಾರೆ ಎನ್ನುತ್ತಾರೆ. ಮೂಳೆಗೂ ನೌಕೆಗೂ ಏನು ಸಂಬಂಧ? ನೋಡಲು ಚೆನ್ನಾಗಿರುತ್ತದೆ ಎಂದು ಮಾತ್ರವೇ? — ಪಿಯುಸಿ ವಿದ್ಯಾರ್ಥಿನಿ, ಬಸವನಗುಡಿ

ಚೆಂದಕ್ಕಲ್ಲ. ತೊಡೆಮೂಳೆಯ ಮೇಲ್ತುದಿಯನ್ನು ಉದ್ದಕ್ಕೆ ಸೀಳಿದರೆ ಒಳಗೆ ಸ್ಪಂಜಿನಂಥ ಜಾಲ ಕಾಣುತ್ತದೆ. ಅದರ ಒಂದೊಂದು ಎಳೆಯ ದಪ್ಪ ಸುಮಾರು 0.1ರಿಂದ 0.2 ಮಿ.ಮೀ. ಮೊದಲ ನೋಟಕ್ಕೆ ಅಡ್ಡಾದಿಡ್ಡಿ ಎನಿಸುತ್ತದೆ, ಆದರೆ ಹಾಗಲ್ಲ. 1866ರ ಸುಮಾರಿಗೆ ಜ್ಯೂರಿಕ್‌ನಲ್ಲಿ ಅಂಗರಚನಾ ತಜ್ಞ ಹರ್ಮನ್ ಫಾನ್ ಮೇಯರ್ ಈ ಎಳೆಗಳ ಓಟವನ್ನು ಚಿತ್ರಿಸಿದ್ದರು. ಅದನ್ನು ಕಂಡ ಎಂಜಿನಿಯರ್ ಕಾರ್ಲ್ ಕುಲ್ಮನ್‌ಗೆ, ಭಾರ ಎತ್ತಿದ ಕ್ರೇನಿನ ಬಾಗಿದ ತೋಳಿನೊಳಗೆ ಒತ್ತಡ ಮತ್ತು ಎಳೆತ ಹರಿಯುವ ರೇಖೆಗಳೇ ಅಲ್ಲಿ ಕಂಡವು. 1892ರಲ್ಲಿ ಶಸ್ತ್ರವೈದ್ಯ ಜೂಲಿಯಸ್ ವೂಲ್ಫ್ ಇದನ್ನು ನಿಯಮದ ರೂಪಕ್ಕೆ ತಂದರು: ಹೊರೆ ಬೀಳುವ ಕಡೆ ಮೂಳೆ ಗಟ್ಟಿಯಾಗುತ್ತದೆ, ಹೊರೆ ಇಲ್ಲದ ಕಡೆ ಸವೆಯುತ್ತದೆ.

ಈ ನಿಯಮದ ಮರುಮುಖ ಗಗನಯಾತ್ರಿಗಳ ದೇಹದಲ್ಲೇ ಕಾಣಸಿಗುತ್ತದೆ. ತೂಕವಿಲ್ಲದ ಸ್ಥಿತಿಯಲ್ಲಿ ಸೊಂಟ ಮತ್ತು ಬೆನ್ನಿನ ಮೂಳೆಗಳು ತಿಂಗಳಿಗೆ ಸುಮಾರು ಶೇ 1ರಿಂದ 1.5ರಷ್ಟು ಸಾಂದ್ರತೆ ಕಳೆದುಕೊಳ್ಳುತ್ತವೆ. ಹೊರೆ ಇಲ್ಲ, ಹಾಗಾಗಿ ದೇಹ ಆ ವಸ್ತುವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತದೆ. ಕಂಪ್ಯೂಟರಿನಲ್ಲಿ ವಿನ್ಯಾಸಕಾರರು ಮಾಡುವುದೂ ಇದನ್ನೇ. ಎಂದಮೇಲೆ ಮೂಳೆಯಿಂದ ಎರವಲು ಪಡೆಯಬೇಕಾದದ್ದು ಅದರ ಆಕಾರವನ್ನಲ್ಲ, ಅದು ಬೆಳೆಯುವ ಕ್ರಮವನ್ನು. ಮೊದಲು ಹೊರೆ, ಆಮೇಲೆ ಗೆರೆ.

ಒಂದು ವ್ಯತ್ಯಾಸ ಮರೆಯಬಾರದು. ಮೂಳೆ ಜೀವಂತ ವಸ್ತು. ಕೂದಲೆಳೆ ಬಿರುಕು ಬಿಟ್ಟರೆ ತಾನೇ ತುಂಬಿಕೊಳ್ಳುತ್ತದೆ. ಅಲ್ಯೂಮಿನಿಯಂ ಹಾಗೆ ಮಾಡುವುದಿಲ್ಲ. ಮೂಳೆಗೆ ಸಾಕಾಗುವಷ್ಟು ಸಪುರದ ಎಳೆ ಲೋಹಕ್ಕೆ ಸಾಕಾಗದೇ ಹೋಗುವುದು ಇದರಿಂದಲೇ.

ಬ್ಲೆಂಡರ್ ಎಂಬ ತ್ರೀಡಿ ಚಿತ್ರದ ಸಾಫ್ಟ್‌ವೇರ್‌ನಲ್ಲಿ ಉಪಗ್ರಹದ ಹೊರಮೈ ಬಿಡಿಸಿದ್ದೇನೆ. ಈಗ ಒಳಗೆ ಪಕ್ಕೆಲುಬುಗಳನ್ನು ಎಲ್ಲಿ, ಎಷ್ಟು ದಪ್ಪ ಕೂರಿಸಬೇಕು? — ಮೆಕ್ಯಾನಿಕಲ್ ಎಂಜಿನಿಯರಿಂಗ್ ಕೊನೆಯ ವರ್ಷ, ಜಯನಗರ

ನೀವು ಹಿಂದುಮುಂದಾಗಿ ಹೊರಟಿದ್ದೀರಿ. ಹೊರಮೈಯನ್ನು ಸದ್ಯಕ್ಕೆ ಮುಚ್ಚಿಟ್ಟು, ಒಂದು ಹಾಳೆಯಲ್ಲಿ ಮೂರು ಸಂಗತಿ ಬರೆದುಕೊಳ್ಳಿ: ಭಾರವಾದ ವಸ್ತುಗಳು ಯಾವುವು, ಎಲ್ಲಿವೆ, ರಾಕೆಟ್ಟಿಗೆ ಬಿಗಿಯುವ ಜಾಗಗಳು ಯಾವುವು, ಈ ಎರಡರ ನಡುವೆ ಯಾವ ದಿಕ್ಕಿನಲ್ಲಿ ಎಷ್ಟು ಬಲ ಹರಿಯುತ್ತದೆ. ಉಪಗ್ರಹದ ಚೌಕಟ್ಟು ಅತಿ ಹೆಚ್ಚು ಹೊರೆ ಹೊರುವುದು ಕಕ್ಷೆಯಲ್ಲಲ್ಲ, ಉಡಾವಣೆಯ ಆ ಕೆಲವೇ ನಿಮಿಷಗಳಲ್ಲಿ. ಆಮೇಲೆ ವರ್ಷಗಟ್ಟಲೆ ಅದಕ್ಕೆ ಹೆಚ್ಚಿನ ಕೆಲಸವೇ ಇಲ್ಲ. ಬಿಸಿಲು ನೆರಳಿನಲ್ಲಿ ಹಿಗ್ಗಿ ಕುಗ್ಗುವುದು ಮಾತ್ರ.

ಲೆಕ್ಕ ಹಾಕಿ ನೋಡೋಣ. 10 ಕೆ.ಜಿ. ತೂಕದ ಉಪಕರಣ, ಅದಕ್ಕೆ ನೆಟ್ಟಗಿನ ನಾಲ್ಕು ಅಲ್ಯೂಮಿನಿಯಂ ಕಾಲು. ಒಂದೊಂದೂ 3 ಮಿ.ಮೀ. ವ್ಯಾಸ, 100 ಮಿ.ಮೀ. ಎತ್ತರ. ವಿನ್ಯಾಸದ ವೇಗೋತ್ಕರ್ಷ ಗುರುತ್ವದ 10 ಪಟ್ಟು ಎಂದಿಟ್ಟುಕೊಳ್ಳಿ. ನಿಜವಾದ ಅಂಕಿಯನ್ನು ರಾಕೆಟ್ಟಿನ ಕೈಪಿಡಿಯಿಂದ ತೆಗೆದುಕೊಳ್ಳಬೇಕು. ಬಲ 981 ನ್ಯೂಟನ್. ಮುರಿತದ ವಿರುದ್ಧ ಸುರಕ್ಷಾ ಗುಣಕ 1.4 ಸೇರಿಸಿದರೆ 1,373. ಕಾಲಿಗೆ 343 ನ್ಯೂಟನ್ ಬಿತ್ತು. 3 ಮಿ.ಮೀ. ಕಡ್ಡಿಯ ಲೋಹ ಸುಮಾರು 1,700 ನ್ಯೂಟನ್‌ವರೆಗೆ ಇಳುವರಿ ಬಿಂದು, ಅಂದರೆ ಮತ್ತೆ ಮೊದಲಿನಂತಾಗದೆ ವಿರೂಪಗೊಳ್ಳುವ ಹಂತ, ಮುಟ್ಟುವುದಿಲ್ಲ. ಐದು ಪಟ್ಟು ಭದ್ರ ಎಂದು ಎಷ್ಟೋ ವಿದ್ಯಾರ್ಥಿ ತಂಡಗಳು ಇಲ್ಲೇ ನಿಲ್ಲಿಸಿಬಿಡುತ್ತವೆ.

ನಿಲ್ಲಿಸಬಾರದು. ಸಪುರ ಕಡ್ಡಿ ಜಜ್ಜಿಹೋಗುವ ಮೊದಲೇ ಬದಿಗೆ ಬಳುಕಿ ಬೀಳುತ್ತದೆ. ಆಯ್ಲರ್ ಸೂತ್ರದ ಪ್ರಕಾರ ಈ ಕಾಲು ಬಳುಕುವುದು 275 ನ್ಯೂಟನ್‌ನಲ್ಲೇ. ಅಂದರೆ ಚೌಕಟ್ಟು ಕುಸಿಯಿತು. ಇನ್ನು ಕಂಪನವನ್ನು ನೋಡಿ. ನೆಟ್ಟಗೆ ಮೇಲೆ ಕೆಳಗೆ ಇದರ ಸಹಜ ಆವರ್ತನ (ತಟ್ಟಿಬಿಟ್ಟರೆ ತಾನಾಗಿ ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಎಂಬುದು) ಸುಮಾರು 224 ಹರ್ಟ್ಸ್, ಬಹಳ ಒಳ್ಳೆಯದು. ಆದರೆ ಪಕ್ಕಕ್ಕೆ, ಕಾಲಿನ ಎರಡೂ ತುದಿಗಳನ್ನು ಬಿಗಿಯಾಗಿ ಬೆಸೆದಿದ್ದರೂ, 6 ಹರ್ಟ್ಸ್ ಕೂಡ ಇಲ್ಲ! ರಾಕೆಟ್ಟು ಅದನ್ನು ಬಾಳೆಗಿಡದ ಹಾಗೆ ತೂಗಾಡಿಸುತ್ತದೆ.

ಮದುವೆಯ ಚಪ್ಪರ ಹಾಕುವವರಿಗೆ ಇದರ ಪರಿಹಾರ ಗೊತ್ತು. ಅವರು ಬಿದಿರನ್ನು ದಪ್ಪ ಮಾಡುವುದಿಲ್ಲ, ಓರೆಯಾಗಿ ಗಳ ಕಟ್ಟುತ್ತಾರೆ. ಇಲ್ಲಿಯೂ ಪ್ರತಿ ಬದಿಗೆ ಓರೆಕಡ್ಡಿ ಬಂದರೆ ಬಲ ಕಡ್ಡಿಯ ಉದ್ದಕ್ಕೆ ಹರಿಯುತ್ತದೆ, ಬಾಗಿಸುವುದಿಲ್ಲ. ಓರೆಕಡ್ಡಿಗಳು ಕಾಲಿನ ನಡುಮಧ್ಯದಲ್ಲಿ ಒಂದು ಗಂಟಿಗೆ ಬಂದು ಸೇರಿದರೆ ಕಾಲಿನ ಮುಕ್ತ ಉದ್ದ 100ರಿಂದ 50ಕ್ಕೆ ಇಳಿಯುತ್ತದೆ, ಬಳುಕುವ ಹೊರೆ ನಾಲ್ಕು ಪಟ್ಟಾಗಿ 1,100 ನ್ಯೂಟನ್ ಆಗುತ್ತದೆ. ಮೂಳೆಯೊಳಗಿನ ಅಡ್ಡ ಎಳೆಗಳು ಮಾಡುವ ಕೆಲಸವೂ ಇದೇ: ತಾವು ಹೆಚ್ಚು ಹೊರುವುದಿಲ್ಲ, ಹೊರುವ ಎಳೆ ಬಳುಕದ ಹಾಗೆ ನೋಡಿಕೊಳ್ಳುತ್ತವೆ. ವಯಸ್ಸಾದವರಲ್ಲಿ ಈ ಅಡ್ಡ ಎಳೆಗಳು ಕಡಿದುಹೋದಾಗ ಬೆನ್ನುಮೂಳೆ ಕುಸಿಯುವುದಕ್ಕೆ ಇದೂ ಒಂದು ಕಾರಣ.

ಇದೇ ಸೂತ್ರ ಇನ್ನೊಂದು ಎಚ್ಚರಿಕೆಯನ್ನೂ ಕೊಡುತ್ತದೆ. ತೂಕ ಉಳಿಸಲೆಂದು 50 ಮಿ.ಮೀ. ಕಡ್ಡಿಯ ವ್ಯಾಸವನ್ನು 3ರಿಂದ 2 ಮಿ.ಮೀ.ಗೆ ಇಳಿಸಿದರೆ ತೂಕ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಕಡಿಮೆಯಾಗುತ್ತದೆ, ಬಳುಕುವ ಹೊರೆ ಮಾತ್ರ 1,100ರಿಂದ 217ಕ್ಕೆ, ಅಂದರೆ ಐದನೇ ಒಂದು ಭಾಗಕ್ಕೆ ಬೀಳುತ್ತದೆ. ವ್ಯಾಸದ ನಾಲ್ಕನೇ ಘಾತ ಎಂದರೆ ಇದು. ಕಡ್ಡಿಯನ್ನು ಸಪುರ ಮಾಡುವ ಮುನ್ನ ಗಿಡ್ಡ ಮಾಡಿ.

ಹಾಗಾಗಿ ಕೆಲಸದ ಕ್ರಮ ಹೀಗಿರಲಿ. ಮೊದಲು ಬರೀ ಗೆರೆ ಮತ್ತು ಗಂಟುಗಳ ಹಂದರ. ಕೀಲುಗಳಿಂದ ಕಟ್ಟಿದ ಮೂರು ಆಯಾಮದ ಹಂದರ ತಾನಾಗಿ ಗಟ್ಟಿ ನಿಲ್ಲಬೇಕಾದರೆ ಗಂಟುಗಳ ಸಂಖ್ಯೆಯ ಮೂರು ಪಟ್ಟಿನಿಂದ ಆರು ಕಳೆದಷ್ಟು ಕಡ್ಡಿಗಳಾದರೂ ಬೇಕು. 1864ರಷ್ಟು ಹಿಂದೆ ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ ಕೊಟ್ಟ ಲೆಕ್ಕ ಇದು. 8 ಗಂಟಿನ ಪೆಟ್ಟಿಗೆಗೆ 18 ಕಡ್ಡಿ. ಅಂಚುಗಳು 12 ಮಾತ್ರ, ಅಂದರೆ ಆರು ಮುಖಗಳಿಗೂ ಒಂದೊಂದು ಕರ್ಣ. ಈ ಹಂದರವನ್ನು ಬೀಮ್ ಅಂಶಗಳಾಗಿ, ಅಂದರೆ ಪ್ರತಿ ಕಡ್ಡಿಯನ್ನೂ ದಪ್ಪವಿರುವ ಗೆರೆಯೆಂದು ಎಣಿಸಿ, ಬಲದ ಲೆಕ್ಕ ಹಾಕುವ ಸಾಫ್ಟ್‌ವೇರ್‌ಗಳಾದ ಫ್ರೀಕ್ಯಾಡ್‌ನ ಫೆಮ್ ವಿಭಾಗದಲ್ಲೋ ಕ್ಯಾಲ್ಕುಲಿಕ್ಸ್‌ನಲ್ಲೋ ಓಡಿಸಿ. ಸೆಕೆಂಡುಗಳಲ್ಲಿ ಉತ್ತರ ಬರುತ್ತದೆ, ಇಪ್ಪತ್ತು ಸಲ ಬದಲಿಸಿ ನೋಡಬಹುದು. ಪ್ರತಿ ಕಡ್ಡಿಯ ವ್ಯಾಸ ನಿಗದಿಯಾದ ಮೇಲೆ ಅದಕ್ಕೆ ಮಾಂಸ ತುಂಬಿ ಘನ ಮಾದರಿ ಮಾಡಿ, ಮತ್ತೊಮ್ಮೆ ಪರೀಕ್ಷಿಸಿ. ಹೊರಮೈ ಬರುವುದು ಅದಾದ ನಂತರ.

ಕಾಗದದ ಮೇಲೆ ಬೇಗ ಅಂದಾಜು ಮಾಡಲು ಒಂದು ಉಪಾಯ: ಉಪಕರಣ ತನ್ನ ತೂಕಕ್ಕೇ ಎಷ್ಟು ಮಿ.ಮೀ. ತಗ್ಗುತ್ತದೋ ಅದರ ವರ್ಗಮೂಲದಿಂದ 15.8ನ್ನು ಭಾಗಿಸಿ. ಬಂದದ್ದು ಹೆಚ್ಚುಕಡಿಮೆ ಸಹಜ ಆವರ್ತನ. 100 ಹರ್ಟ್ಸ್ ಬೇಕಾದರೆ ತಗ್ಗು 0.025 ಮಿ.ಮೀ. ಮೀರಬಾರದು. ಪಕ್ಕಕ್ಕೆ ತಿರುಗಿಸಿಟ್ಟೂ ಇದೇ ಲೆಕ್ಕ ಮಾಡಿ. ಸಾಮಾನ್ಯವಾಗಿ ಎಡವುವುದು ಅಲ್ಲೇ.

ಬ್ಲೆಂಡರ್‌ನ ಸ್ಕಿನ್ ಮಾಡಿಫೈಯರ್‌ನಲ್ಲಿ ನೌಕೆಯ ಹಂದರ ಮಾಡುತ್ತಿದ್ದೇನೆ. ಗಂಟುಗಳಲ್ಲಿ ಮೇಲ್ಮೈ ತಿರುಚಿಕೊಳ್ಳುತ್ತದೆ, ಕೆಲವೊಮ್ಮೆ ಇಡೀ ಮಾದರಿ ಉಂಡೆಯಾಗುತ್ತದೆ. ಏಕೆ? — ಗೇಮ್ ಕಲಾವಿದ, ಕೋರಮಂಗಲ

ಉಂಡೆಯಾಗುವುದಕ್ಕೆ ಕಾರಣ ಸರಳ. ಬರೀ ಗೆರೆಗಳ ಹಂದರಕ್ಕೆ ಮೈ ತುಂಬುವ ಸ್ಕಿನ್ ಮಾಡಿಫೈಯರ್ ಪ್ರತಿ ಬಿಂದುವಿಗೂ ತಾನಾಗಿ 0.25 ತ್ರಿಜ್ಯ ಕೊಡುತ್ತದೆ. ನಿಮ್ಮ ಮಾದರಿಯೇ 0.1 ಮೀಟರ್ ಇದ್ದರೆ ಎಲ್ಲ ಕಡ್ಡಿಗಳೂ ಒಂದರೊಳಗೊಂದು ಮುಳುಗಿಬಿಡುತ್ತವೆ. ಎಡಿಟ್ ಮೋಡ್‌ನಲ್ಲಿ ಎಲ್ಲ ಬಿಂದುಗಳನ್ನು ಆಯ್ದು, ಕಂಟ್ರೋಲ್ ಮತ್ತು ಎ ಒತ್ತಿ, ಮೌಸ್ ಎಳೆದು ತ್ರಿಜ್ಯ ಇಳಿಸಿ. ಅದೇ ಕೀಲಿ ಆಬ್ಜೆಕ್ಟ್ ಮೋಡ್‌ನಲ್ಲಿ ಬೇರೆಯೇ ಕೆಲಸ ಮಾಡುತ್ತದೆ: ಅಳತೆಯನ್ನು ಅನ್ವಯಿಸುತ್ತದೆ. ಅದೂ ಬೇಕು. ಸ್ಕಿನ್ ಹಾಕುವ ಮೊದಲೇ ಸ್ಕೇಲ್ ಅನ್ವಯಿಸಿರಿ, ಇಲ್ಲದಿದ್ದರೆ ಕಡ್ಡಿಗಳು ಒಂದು ದಿಕ್ಕಿನಲ್ಲಿ ಚಪ್ಪಟೆಯಾಗುತ್ತವೆ.

ತಿರುಚುವಿಕೆಗೆ ಮೂರು ಕಡೆ ಹುಡುಕಿ. ಒಂದು, ಎರಡು ಕಡ್ಡಿಗಳ ನಡುವಿನ ಕೋನ ತೀರಾ ಚೂಪಾಗಿದ್ದರೆ ಅವುಗಳ ಮುಖಗಳು ಗಂಟಿಗೆ ತಲುಪುವ ಮುನ್ನವೇ ಒಂದನ್ನೊಂದು ದಾಟುತ್ತವೆ. ಕವಲೊಡೆಯುವ ಬಿಂದುವನ್ನು ಸ್ವಲ್ಪ ಜರುಗಿಸಿ ಕೋನ ಹಿಗ್ಗಿಸಿ. ಎರಡು, ಎರಡು ಬಿಂದುಗಳ ಅಂತರ ಅವುಗಳ ತ್ರಿಜ್ಯಗಳ ಮೊತ್ತಕ್ಕಿಂತ ಕಡಿಮೆಯಾಗಬಾರದು. ಮೂರು, ಒಂದೇ ಗಂಟಿನಲ್ಲಿ ಏಳೆಂಟು ಕಡ್ಡಿ ಸೇರಿಸಿದರೆ ಯಾವ ಸಾಫ್ಟ್‌ವೇರ್ ಆದರೂ ಕಂಗಾಲಾಗುತ್ತದೆ. ಕವಲುಗಳು ತೀರಾ ಒರಟಾಗಿ ಕಂಡರೆ ಬ್ರಾಂಚ್ ಸ್ಮೂದಿಂಗ್ ಏರಿಸಬಹುದು, ಆದರೆ ಅದು ಗಂಟನ್ನು ಸಪುರವೂ ಮಾಡುತ್ತದೆ. ನಿಜವಾದ ರಚನೆಯಲ್ಲಿ ಗಂಟು ದಪ್ಪವೇ ಇರಬೇಕು.

ಮಾಡಿಫೈಯರ್‌ಗಳ ಸರದಿ ಹೀಗಿರಲಿ: ಮೊದಲು ಅರ್ಧವನ್ನು ಪ್ರತಿಬಿಂಬಿಸುವ ಮಿರರ್ (ನಡುಗೆರೆಯ ಬಿಂದುಗಳನ್ನು ಅಲ್ಲೇ ಹಿಡಿದಿಡುವ ಕ್ಲಿಪ್ಪಿಂಗ್ ಹಾಕಿದ್ದು), ನಂತರ ಸ್ಕಿನ್, ಕೊನೆಗೆ ಮೇಲ್ಮೈ ನುಣುಪು ಮಾಡುವ ಸಬ್‌ಡಿವಿಷನ್ ಸರ್ಫೇಸ್. ಮಿರರ್ ಸ್ಕಿನ್‌ನ ಕೆಳಗೆ ಹೋದರೆ ಮಧ್ಯದಲ್ಲಿ ಒಳಗೋಡೆ ಹುಟ್ಟುತ್ತದೆ. ಹಂದರದ ಯಾವ ತುಂಡು ಬಿಡಿಯಾಗಿದ್ದರೂ ಅದಕ್ಕೆ ಒಂದು ಮೂಲಬಿಂದು ಬೇಕು; ಅಂಥ ತುಂಡಿನ ಒಂದು ಬಿಂದುವನ್ನು ಆಯ್ದು ಮಾರ್ಕ್ ರೂಟ್ ಒತ್ತಿ.

ಮುದ್ರಣಕ್ಕೋ ವಿಶ್ಲೇಷಣೆಗೋ ಕಳಿಸುವವರು ಇನ್ನೊಂದು ಅಂಶ ಗಮನಿಸಬೇಕು. ಸ್ಕಿನ್ ಕೊಡುವುದು ಚೌಕ ಕಡ್ಡಿ. ಸಬ್‌ಡಿವಿಷನ್ ಅದನ್ನು ದುಂಡಗೆ ಮಾಡುವಾಗ ಒಳಕ್ಕೆ ಕುಗ್ಗಿಸುತ್ತದೆ. ನೀವು 3 ಮಿ.ಮೀ. ಎಂದು ಕೊಟ್ಟದ್ದು 3 ಉಳಿದಿರುವುದಿಲ್ಲ, ಮೇಲಿನ ಉತ್ತರದಲ್ಲಿ ನೋಡಿದಂತೆ ಆ ಕೊರತೆಗೆ ಬೆಲೆ ನಾಲ್ಕನೇ ಘಾತದಲ್ಲಿ ತೆರಬೇಕು. ಮಾಡಿಫೈಯರ್‌ಗಳನ್ನು ಅನ್ವಯಿಸಿದ ಮೇಲೆ ಅಳೆಯಿರಿ. ಆಮೇಲೆ ನಾನ್‌ಮ್ಯಾನಿಫೋಲ್ಡ್ ಅಂಚುಗಳನ್ನು (ಸರಿಯಾಗಿ ಎರಡು ಮುಖಗಳ ನಡುವೆ ಇರದ ಅಂಚುಗಳನ್ನು) ಆಯ್ದು ನೋಡಿ, ಒಂದೂ ಸಿಗಬಾರದು. ಶಿಫ್ಟ್ ಮತ್ತು ಎನ್ ಒತ್ತಿ ಮುಖಗಳನ್ನು ಹೊರಕ್ಕೆ ತಿರುಗಿಸಿ. ಮುದ್ರಣಕ್ಕೆ ಕಳಿಸುವ ಎಸ್‌ಟಿಎಲ್ ಕಡತದಲ್ಲಿ ಅಳತೆಯ ಮಾನವೇ ಇರುವುದಿಲ್ಲ. ಮೀಟರ್ ಎಂದು ನೀವು ಕಳಿಸಿದ್ದನ್ನು ಮುದ್ರಿಸುವವರು ಮಿ.ಮೀ. ಎಂದು ಓದುತ್ತಾರೆ, ಕಡತದ ಜೊತೆ ಒಂದು ನಿಜ ಅಳತೆಯನ್ನು ಬರೆದು ಕಳಿಸಿ.

ಚಿತ್ರಗಳಲ್ಲಿ ನೌಕೆಗಳು ಚೂಪು ಮೂಲೆ, ಚಪ್ಪಟೆ ಗೋಡೆಗಳಿಂದ ಕೂಡಿರುತ್ತವೆ. ನಿಜವಾದವು ಮಾತ್ರ ಏಕೆ ಡಬ್ಬಿಯಂತೆ ದುಂಡಗೆ? ಮಕ್ಕಳಿಗೆ ಹೇಗೆ ವಿವರಿಸಲಿ? — ಪ್ರೌಢಶಾಲಾ ಶಿಕ್ಷಕಿ, ವಿಜಯನಗರ

ಅಡುಗೆಮನೆಯ ಪ್ರೆಶರ್ ಕುಕ್ಕರ್ ತೋರಿಸಿ. ಸೀಟಿ ಏಳುವಾಗ ಕುಕ್ಕರ್ ಒಳಗೆ ಹೊರಗಿಗಿಂತ ಸುಮಾರು ಒಂದು ವಾಯುಭಾರ ಹೆಚ್ಚು ಒತ್ತಡವಿರುತ್ತದೆ. ಮನುಷ್ಯರಿರುವ ನೌಕೆಯ ಗೋಡೆ ತಡೆದುಕೊಳ್ಳುವುದೂ ಹೆಚ್ಚುಕಡಿಮೆ ಅಷ್ಟೇ: ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಒಳಗೆ ಸಮುದ್ರಮಟ್ಟದ 101.3 ಕಿಲೋಪಾಸ್ಕಲ್ ಇದೆ, ಹೊರಗೆ ಶೂನ್ಯ. ಸುಮಾರು 920 ಮೀಟರ್ ಎತ್ತರದಲ್ಲಿರುವ ನಮ್ಮ ಬೆಂಗಳೂರಿನಲ್ಲಿ ಅದು 91ರ ಆಸುಪಾಸು. ನಿಲ್ದಾಣದ ಗಾಳಿ ನಮ್ಮ ಊರಿನದಕ್ಕಿಂತ ದಟ್ಟ ಎಂದರೆ ಮಕ್ಕಳು ಕಣ್ಣರಳಿಸುತ್ತಾರೆ.

ಒಂದು ಚದರ ಮೀಟರ್ ಗೋಡೆಯ ಮೇಲೆ ಇದು ಸುಮಾರು 10 ಟನ್ ತಳ್ಳುವಿಕೆ. 3 ಮೀಟರ್ ವ್ಯಾಸದ ಕೊಳವೆಯ ಗೋಡೆ 3 ಮಿ.ಮೀ. ದಪ್ಪವಿದ್ದರೆ ಅದರಲ್ಲಿ ಹುಟ್ಟುವ ಎಳೆತ ಸುಮಾರು 51 ಮೆಗಾಪಾಸ್ಕಲ್. ಅದೇ ಅಳತೆಯ ಗೋಳವಾದರೆ ಅದರ ಅರ್ಧ. ಅಲ್ಯೂಮಿನಿಯಂ ಮಿಶ್ರಲೋಹ ಇದನ್ನು ಲೀಲಾಜಾಲವಾಗಿ ತಡೆಯುತ್ತದೆ. ಈಗ ಒಂದು ಮೀಟರ್ ಚೌಕದ, ನಾಲ್ಕೂ ಅಂಚು ಬಿಗಿದ ಚಪ್ಪಟೆ ಹಲಗೆ. ಅದರಲ್ಲಿ 100 ಮೆಗಾಪಾಸ್ಕಲ್ ಮೀರಬಾರದೆಂದರೂ ಸುಮಾರು 18 ಮಿ.ಮೀ. ದಪ್ಪ ಬೇಕು, ಆಗಲೂ ನಡುವೆ ಮೂರೂವರೆ ಮಿ.ಮೀ. ಉಬ್ಬುತ್ತದೆ. ದುಂಡು ಗೋಡೆ ಒತ್ತಡವನ್ನು ಎಳೆದು ತಡೆಯುತ್ತದೆ, ಚಪ್ಪಟೆ ಗೋಡೆ ಬಾಗಿ ತಡೆಯಬೇಕಾಗುತ್ತದೆ. ಆರು ಪಟ್ಟು ವಸ್ತು ಬೇಕಾದದ್ದು ಅದರಿಂದ.

ಹಾಗಾದರೆ ಪಕ್ಕೆಲುಬು ಎಲ್ಲಿ ಬಂತು? ಒಳಗಾಳಿಯ ಒತ್ತಡಕ್ಕೆ ತೆಳು ತೊಗಟೆ ಸಾಕು. ಆದರೆ ಉಡಾವಣೆಯಲ್ಲಿ ಆ ತೊಗಟೆ ಉದ್ದಕ್ಕೆ ಅದುಮಿಸಿಕೊಳ್ಳುತ್ತದೆ, ಖಾಲಿ ಡಬ್ಬಿಯನ್ನು ಮೆಟ್ಟಿದ ಹಾಗೆ ಸುಕ್ಕಾಗುತ್ತದೆ. ಅದಕ್ಕೇ ತೊಗಟೆಯ ಒಳಮೈಯಲ್ಲಿ ಸಮಬಾಹು ತ್ರಿಕೋನಗಳ ಏಣುಗಳನ್ನು ಉಳಿಸುತ್ತಾರೆ. ಇದರ ಹೆಸರು ಐಸೊಗ್ರಿಡ್. ತ್ರಿಕೋನಗಳು ಸಮವಾಗಿರುವುದರಿಂದ ಹಲಗೆ ಎಲ್ಲ ದಿಕ್ಕಿಗೂ ಒಂದೇ ಗಟ್ಟಿತನ ತೋರಿಸುತ್ತದೆ. 1973ರ ಸ್ಕೈಲ್ಯಾಬ್ ನಿಲ್ದಾಣದ ನೆಲವೇ ಇಂಥ ತ್ರಿಕೋನ ಜಾಲವಾಗಿತ್ತು. ಗಗನಯಾತ್ರಿಗಳು ಶೂ ತಳದ ತ್ರಿಕೋನ ಕೊಕ್ಕೆಯನ್ನು ಆ ರಂಧ್ರಗಳಿಗೆ ಸಿಕ್ಕಿಸಿ ನಿಲ್ಲುತ್ತಿದ್ದರು. ತರಗತಿಯಲ್ಲಿ ಹೇಳಲು ಇದಕ್ಕಿಂತ ಒಳ್ಳೆಯ ಸಂಗತಿ ಸಿಗಲಾರದು.

ಗ್ರಾಹಕರೊಬ್ಬರು ಮೂಳೆಯಂಥ ಜಾಲರಿ ಬ್ರಾಕೆಟ್‌ನ ಎಸ್‌ಟಿಎಲ್ ಕಡತ ತಂದಿದ್ದಾರೆ. ಸಿಎನ್‌ಸಿಯಲ್ಲಿ (ಕಂಪ್ಯೂಟರ್ ನಡೆಸುವ ಕಡಿತ ಯಂತ್ರದಲ್ಲಿ) ಕಡಿಯಬಹುದೇ? — ಯಂತ್ರಶಾಲೆ ಮಾಲೀಕರು, ಪೀಣ್ಯ

ಆ ಕಡತದಿಂದ ಬೇಡ. ಎಸ್‌ಟಿಎಲ್ ಎಂದರೆ ತ್ರಿಕೋನಗಳ ರಾಶಿ. ರಂಧ್ರ ಕೂಡ ಅದರಲ್ಲಿ ಬಹುಭುಜ. ನಿಜವಾದ ವಕ್ರಗಳನ್ನೇ ಉಳಿಸುವ ಸ್ಟೆಪ್ ಕಡತವನ್ನೂ ಟಾಲರೆನ್ಸ್ (ಅಳತೆ ಎಷ್ಟು ಹೆಚ್ಚುಕಡಿಮೆಯಾಗಬಹುದು ಎಂಬ ಮಿತಿ) ಬರೆದ ಚಿತ್ರವನ್ನೂ ಕೇಳಿ ಪಡೆಯಿರಿ. ಒಳಗೆ ಹೆಣೆದ ಜಾಲವಾದರೆ ಕಟರ್ ಅಲ್ಲಿಗೆ ತಲುಪುವುದೇ ಇಲ್ಲ, ಅದು ಲೋಹದ ಪುಡಿಯನ್ನು ಪದರ ಪದರವಾಗಿ ಕರಗಿಸಿ ಕಟ್ಟುವ ಲೋಹ ಮುದ್ರಣದ ಕೆಲಸ. ಹಲಗೆಯ ಆಕಾರದ ಭಾಗವಾಗಿದ್ದರೆ ಗ್ರಾಹಕರಿಗೆ ಐಸೊಗ್ರಿಡ್ ಸೂಚಿಸಿ.

ಉದಾಹರಣೆಗೆ 16 ಮಿ.ಮೀ. ದಪ್ಪದ 6061 ಅಲ್ಯೂಮಿನಿಯಂ ಮಿಶ್ರಲೋಹದ ಹಲಗೆ, ಟಿ651 ಸ್ಥಿತಿಯದು. ಬರೀ ಟಿ6 ಬೇಡ. 651 ಎಂದರೆ ಎಳೆದು ಒಳಬಿಗುವು ಸಡಿಲಿಸಿದ್ದು. ತ್ರಿಕೋನದ ಬಾಹು 60, ಏಣಿನ ದಪ್ಪ 2, ಎತ್ತರ 12, ತೊಗಟೆ 1.5 ಮಿ.ಮೀ. ಕಡಿದು ಮುಗಿದಾಗ ಉಳಿಯುವುದು ಸರಾಸರಿ 2.9 ಮಿ.ಮೀ. ದಪ್ಪಕ್ಕೆ ಸಮನಾದ ಲೋಹ. ಶೇ 80ಕ್ಕಿಂತ ಹೆಚ್ಚು ಚೂರಾಗಿ ಹೋಗುತ್ತದೆ, ದರ ಹೇಳುವಾಗ ನೆನಪಿರಲಿ.

ಇಷ್ಟು ತೆಗೆದಾಗ ಹಲಗೆ ಹಪ್ಪಳದಂತೆ ಸೊಟ್ಟಗಾಗುವುದೇ ದೊಡ್ಡ ತೊಂದರೆ. ಎರಡೂ ಮುಖದ ಒರಟು ಕಡಿತವನ್ನು 1 ಮಿ.ಮೀ. ಬಿಟ್ಟು ಮುಗಿಸಿ, ಹಿಡಿತ ಸಡಿಲಿಸಿ ಒಂದು ರಾತ್ರಿ ಬಿಡಿ. ಎಷ್ಟು ಬಾಗಬೇಕೋ ಅಷ್ಟು ಬಾಗಲಿ. ಮರುದಿನ ಹಿಂಬದಿಯನ್ನು ಮೊದಲು ಸಮಗೊಳಿಸಿ, ಸಾಧ್ಯವಾದರೆ ನಿರ್ವಾತ ಹಿಡಿಕೆಯಲ್ಲಿ ಕೂರಿಸಿ, ಮುಗಿಕಡಿತ ಮಾಡಿ. ಬಾಗಿದ ಹಲಗೆಯನ್ನು ಕ್ಲ್ಯಾಂಪ್ ಹಾಕಿ ನೇರ ಮಾಡಿ ಕಡಿದರೆ ಬಿಚ್ಚಿದಾಗ ಮತ್ತೆ ಹಳೆಯ ಸೊಟ್ಟವೇ. ಪಾಕೆಟ್ಟಿನ ತಳವನ್ನು ನಡುವಿನಿಂದ ಅಂಚಿನ ಕಡೆಗೆ ಕಡಿಯುತ್ತ ಹೋಗಿ, ಇಲ್ಲದಿದ್ದರೆ ಕೊನೆಗೆ ಉಳಿದ ತೆಳು ತಳ ಡೋಲಿನ ಹಾಗೆ ನಡುಗಿ ಕಟರ್ ಅದನ್ನು ಸೀಳುತ್ತದೆ. ಮೂಲೆಯ ತ್ರಿಜ್ಯ 3 ಇದ್ದರೆ 5 ಮಿ.ಮೀ. ವ್ಯಾಸದ ಕಟರ್ ಬಳಸಿ, 6ರದ್ದಲ್ಲ. ತ್ರಿಜ್ಯ ಸರಿಸಮವಾದರೆ ಕಟರ್ ಮೂಲೆಯಲ್ಲಿ ಕಚ್ಚಿಕೊಂಡು ಗೀರು ಬೀಳಿಸುತ್ತದೆ, ಆ ಗೀರೇ ಮುಂದೆ ಬಿರುಕಿನ ಬೀಜ.

ಲೋಹ ಮುದ್ರಣಕ್ಕೆ ಹೊರಗೆ ಕೊಡುವುದಾದರೆ ನಾಲ್ಕು ಷರತ್ತು ಬರೆಸಿಕೊಳ್ಳಿ. ಮುದ್ರಣ ಯಂತ್ರದ ತಳಹಲಗೆಗೆ 45 ಡಿಗ್ರಿಗಿಂತ ಕಡಿಮೆ ಓರೆಯ ಕಡ್ಡಿಗಳಿಗೆ ಆಸರೆ ಬೇಕು, ಜಾಲದ ಒಳಗೆ ಆ ಆಸರೆಯನ್ನು ಆಮೇಲೆ ತೆಗೆಯಲಾಗದು. ಆದ್ದರಿಂದ ಮುದ್ರಣದ ದಿಕ್ಕನ್ನು ವಿನ್ಯಾಸದಲ್ಲೇ ತೀರ್ಮಾನಿಸಬೇಕು. ಮುಚ್ಚಿದ ಟೊಳ್ಳುಗಳಿಗೆ ಪುಡಿ ಹೊರಬರುವ ರಂಧ್ರವಿರಬೇಕು. ಒಳಗುಳಿದ ಪುಡಿ ಕಂಪನಕ್ಕೆ ಹೊರಬಿದ್ದು ಕ್ಯಾಮೆರಾದ ಮಸೂರಕ್ಕೆ ಕೂತರೆ ಇಡೀ ಉಪಗ್ರಹಕ್ಕೇ ಕುತ್ತು. ಬಿಗುವು ಇಳಿಸುವ ಕಾಯಿಸುವಿಕೆ ಭಾಗವನ್ನು ತಳಹಲಗೆಯಿಂದ ಕೊಯ್ಯುವ ಮೊದಲೇ ಆಗಬೇಕು. ಕೊನೆಯದು, ಅದೇ ಮುದ್ರಣದಲ್ಲಿ ಜೊತೆಗೇ ಎಳೆತ ಪರೀಕ್ಷೆಯ ತುಂಡುಗಳೂ ಬರಲಿ.

ನಿಮ್ಮ ಪ್ರದೇಶಕ್ಕೆ ಈ ಕೆಲಸ ಹೊಸದಲ್ಲ. 1975ರ ಏಪ್ರಿಲ್ 19ರಂದು ಹಾರಿದ ಭಾರತದ ಮೊದಲ ಉಪಗ್ರಹ, 26 ಮುಖಗಳ ಆರ್ಯಭಟ, ರೂಪುಗೊಂಡದ್ದು ಪೀಣ್ಯದ ಕೈಗಾರಿಕಾ ಷೆಡ್ಡುಗಳಲ್ಲೇ.

ಟೋಪಾಲಜಿ ಆಪ್ಟಿಮೈಸೇಶನ್ ಓಡಿಸಿದರೆ ಚದುರಂಗದ ಮಣೆಯಂಥ ಚುಕ್ಕಿಗಳು ಬರುತ್ತವೆ. ಮೆಶ್ ಸಣ್ಣದು ಮಾಡಿದರೆ ಬೇರೆಯೇ ಆಕಾರ. ಯಾವುದನ್ನು ನಂಬಲಿ? — ಸ್ನಾತಕೋತ್ತರ ವಿದ್ಯಾರ್ಥಿ, ಯಶವಂತಪುರ

ಎರಡನ್ನೂ ನಂಬಬೇಡಿ. ಹೊರೆಗೆ ತಕ್ಕಂತೆ ವಸ್ತು ಎಲ್ಲಿ ಉಳಿಯಬೇಕೆಂದು ಕಂಪ್ಯೂಟರೇ ಹುಡುಕುವ ಈ ವಿಧಾನದಲ್ಲಿ ಮಾದರಿಯನ್ನು ಸಣ್ಣ ಅಂಶಗಳ ಬಲೆಯಾಗಿ (ಮೆಶ್) ಒಡೆದು, ಪ್ರತಿ ಅಂಶಕ್ಕೂ 0ಯಿಂದ 1ರವರೆಗೆ ಸಾಂದ್ರತೆ ಕೊಟ್ಟು, ಗಟ್ಟಿತನವನ್ನು ಸಾಂದ್ರತೆಯ ಮೂರನೇ ಘಾತಕ್ಕೆ ಕಟ್ಟುತ್ತಾರೆ. ಅರ್ಧ ತುಂಬಿದ ಅಂಶಕ್ಕೆ ಎಂಟನೇ ಒಂದು ಗಟ್ಟಿತನ ಮಾತ್ರ ಸಿಗುವುದರಿಂದ ಅದು ಲಾಭದಾಯಕವಲ್ಲ, ಉತ್ತರ ಪೂರ್ತಿ ತುಂಬು ಅಥವಾ ಪೂರ್ತಿ ಖಾಲಿಯ ಕಡೆಗೆ ಸರಿಯುತ್ತದೆ. ಚದುರಂಗದ ಚುಕ್ಕಿ ಮಾತ್ರ ಗಣಿತದ ಭ್ರಮೆ: ಮೂಲೆಗಳಲ್ಲಿ ಮಾತ್ರ ತಾಗುವ ಸರಳ ಅಂಶಗಳು ಇರುವುದಕ್ಕಿಂತ ಗಟ್ಟಿ ಎಂದು ತೋರುತ್ತವೆ. ಅಕ್ಕಪಕ್ಕದ ಅಂಶಗಳ ಸರಾಸರಿ ತೆಗೆಯುವ ಫಿಲ್ಟರ್‌ನ ತ್ರಿಜ್ಯವನ್ನು ಎರಡು ಮೂರು ಅಂಶಗಳಷ್ಟು ಇಡಿ, ಮತ್ತು ಅದನ್ನು ಮಿ.ಮೀ.ನಲ್ಲಿ ಸ್ಥಿರವಾಗಿಡಿ. ಆಗ ಮೆಶ್ ಸಣ್ಣದಾದರೂ ಆಕಾರ ಬದಲಾಗುವುದಿಲ್ಲ. ತಯಾರಿಸಬಹುದಾದ ಅತಿ ಸಪುರ ಕಡ್ಡಿಯ ಅಳತೆಗೆ ಆ ತ್ರಿಜ್ಯವನ್ನು ಹೊಂದಿಸುವುದೇ ಸರಿ.

ಅದಕ್ಕಿಂತ ದೊಡ್ಡ ತಪ್ಪು ಒಂದೇ ಹೊರೆ ಕೊಡುವುದು. ಕೆಳಮುಖ ಬಲ ಮಾತ್ರ ಕೊಟ್ಟರೆ ಬರುವುದು ಸೊಗಸಾದ ಮರದ ಆಕಾರ. ಪಕ್ಕದಿಂದ ತಳ್ಳಿದರೆ ಅದು ಬೀಳುತ್ತದೆ. ಮೂರು ಅಕ್ಷ, ಎರಡೂ ದಿಕ್ಕು, ಜೊತೆಗೆ ಉಷ್ಣದ ಹಿಗ್ಗುವಿಕೆ ಇಷ್ಟನ್ನಾದರೂ ಒಟ್ಟಿಗೆ ಕೊಡಿ. ಒಂದು ಮೀಟರ್ ಅಲ್ಯೂಮಿನಿಯಂ 100 ಡಿಗ್ರಿ ಬಿಸಿಗೆ 2.3 ಮಿ.ಮೀ. ಬೆಳೆಯುತ್ತದೆ, ಉದಾಸೀನ ಮಾಡುವ ಅಂಕಿಯಲ್ಲ.

ಬಂದ ಆಕಾರವನ್ನು ನುಣುಪು ಮಾಡಿ ನೇರ ಮುದ್ರಣಕ್ಕೆ ಕಳಿಸುವುದು ಈಗ ರೂಢಿಯಾಗಿಬಿಟ್ಟಿದೆ. ನಮ್ಮ ಅಭಿಪ್ರಾಯದಲ್ಲಿ ಅದು ಕೆಟ್ಟ ಅಭ್ಯಾಸ. ಆ ಜೇಡಿಮಣ್ಣಿನಂಥ ಆಕಾರ ಕರಡು ಮಾತ್ರ. ಅದರ ಕೈಕಾಲುಗಳ ನಡುವೆ ಮಧ್ಯರೇಖೆಗಳನ್ನು ಎಳೆಯಿರಿ; ಎಲುಬು ಸಿಗುವುದು ಅಲ್ಲಿ. ಆ ರೇಖೆಗಳನ್ನು ಬೀಮ್ ಹಂದರ ಮಾಡಿ, ಪ್ರತಿ ಕಡ್ಡಿಯ ಬಳುಕು ಲೆಕ್ಕ ಹಾಕಿ ವ್ಯಾಸ ಕೊಡಿ. ಗಟ್ಟಿತನವನ್ನಷ್ಟೇ ಗುರಿಯಾಗಿಟ್ಟು ಓಡಿಸಿದ ಆಪ್ಟಿಮೈಸೇಶನ್ ಬಳುಕನ್ನು ಲೆಕ್ಕಕ್ಕೇ ತೆಗೆದುಕೊಂಡಿರುವುದಿಲ್ಲ. ಎರಡನೆಯ ಪ್ರಶ್ನೆಯ ನಾಲ್ಕು ಕಾಲುಗಳು ಕುಸಿದದ್ದು ಹಾಗೆಯೇ.

ಘನ ಮಾದರಿಯ ಅಂತಿಮ ಪರೀಕ್ಷೆಗೆ 4 ನೋಡ್‌ಗಳ (ಲೆಕ್ಕದ ಬಿಂದುಗಳ) ಟೆಟ್ರಾ, ಅಂದರೆ ನಾಲ್ಕು ಮುಖದ ಅಂಶ, ಬೇಡ, ಅದು ಕಡ್ಡಿಯನ್ನು ಇರುವುದಕ್ಕಿಂತ ಬಹಳ ಗಟ್ಟಿ ಎಂದು ತೋರಿಸುತ್ತದೆ. 10 ನೋಡ್‌ಗಳದ್ದನ್ನು ಬಳಸಿ, ಕಡ್ಡಿಯ ಅಡ್ಡಕ್ಕೆ ಮೂರಾದರೂ ಬರಲಿ. ಮೆಶ್ ಸಣ್ಣದು ಮಾಡಿದಷ್ಟೂ ಒಂದೇ ಮೂಲೆಯಲ್ಲಿ ಒತ್ತಡ ಏರುತ್ತಲೇ ಹೋದರೆ ಅಲ್ಲಿ ಚೂಪು ಒಳಮೂಲೆಯಿದೆ ಎಂದರ್ಥ. ಆ ಅಂಕಿಗೆ ಕೊನೆಯಿಲ್ಲ. ಫಿಲೆಟ್ ಕೊಟ್ಟು, ಅಂದರೆ ಮೂಲೆಯನ್ನು ದುಂಡಗೆ ಮಾಡಿ, ಮತ್ತೆ ಓಡಿಸಿ.

ಮನೆಯ ತ್ರೀಡಿ ಪ್ರಿಂಟರ್‌ನಲ್ಲಿ ಪಿಎಲ್‌ಎ ಪ್ಲಾಸ್ಟಿಕ್‌ನಿಂದ ಕ್ಯೂಬ್‌ಸ್ಯಾಟ್ (ಪುಟ್ಟ ಪೆಟ್ಟಿಗೆಯಾಕಾರದ ಉಪಗ್ರಹ) ಚೌಕಟ್ಟು ಮಾಡಿದರೆ ಹಾರಿಸಬಹುದೇ? — ಹವ್ಯಾಸಿ, ಕೆಂಗೇರಿ

ಹಾರಿಸಲಾಗದು. ಪಿಎಲ್‌ಎ 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ನಿರ್ವಾತದಲ್ಲಿ ಪ್ಲಾಸ್ಟಿಕ್‌ಗಳಿಂದ ಹೊರಡುವ ಆವಿ ಮಸೂರ, ಸೌರಫಲಕಗಳ ಮೇಲೆ ಕೂರುತ್ತದೆ; 125 ಡಿಗ್ರಿಯಲ್ಲಿ 24 ಗಂಟೆ ನಿರ್ವಾತದಲ್ಲಿಟ್ಟಾಗ ಒಟ್ಟು ತೂಕನಷ್ಟ ಶೇ 1, ಮತ್ತೆ ಘನೀಭವಿಸುವ ಭಾಗ ಶೇ 0.1 ಮೀರಬಾರದೆಂಬುದು ಸಾಮಾನ್ಯ ಮಿತಿ. ಕ್ಯೂಬ್‌ಸ್ಯಾಟ್‌ನ ಹಳಿಗಳಂತೂ ಗಟ್ಟಿ ಆನೋಡೈಸ್ ಮಾಡಿದ (ಮೇಲ್ಮೈಗೆ ಗಡಸು ಆಕ್ಸೈಡ್ ಪದರ ಬರಿಸಿದ) ಅಲ್ಯೂಮಿನಿಯಂ ಆಗಿರಬೇಕು, ಕನಿಷ್ಠ 8.5 ಮಿ.ಮೀ. ಅಗಲ, ಇಲ್ಲದಿದ್ದರೆ ಉಡಾವಣಾ ಪೆಟ್ಟಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ.

ಆದರೂ ಮುದ್ರಿಸಿ. ತಂತಿಗಳು ಎಲ್ಲಿ ಹಾಯುತ್ತವೆ, ಸ್ಕ್ರೂಡ್ರೈವರ್ ಆ ಮೂಲೆಗೆ ತಲುಪುತ್ತದೆಯೇ, ಬ್ಯಾಟರಿಯನ್ನು ಕೊನೆಗೆ ಹೇಗೆ ಕೂರಿಸುವುದು ಎಂಬುದೆಲ್ಲ ಕೈಯಲ್ಲಿ ಹಿಡಿದಾಗಲೇ ತಿಳಿಯುವುದು. 0.4 ಮಿ.ಮೀ. ನಾಜಲ್ ಇದ್ದರೆ ಕಡ್ಡಿಗಳನ್ನು 2 ಮಿ.ಮೀ.ಗಿಂತ ಸಪುರ ಮಾಡಬೇಡಿ.

ನಮ್ಮ ಇಸ್ರೊ ಉಪಗ್ರಹಗಳಲ್ಲಿ ಇಂಥ ಮೂಳೆ ಜಾಲ ಕಾಣುವುದಿಲ್ಲವಲ್ಲ, ಹಿಂದೆ ಬಿದ್ದಿದ್ದೇವೆಯೇ? ಜಾಲರಿ ಹೊರಮೈ ಬಾಹ್ಯಾಕಾಶದ ಕಸದಿಂದಲೂ ಕಾಪಾಡುತ್ತದೆಯೇ? — ನಿವೃತ್ತ ಉದ್ಯೋಗಿ, ಮಲ್ಲೇಶ್ವರ

ಹಿಂದೆ ಬಿದ್ದಿಲ್ಲ. ದೊಡ್ಡ ಸಂಪರ್ಕ ಉಪಗ್ರಹಗಳ ಒಳಗೆ ಒಂದು ಬೆನ್ನುಮೂಳೆ ಇದ್ದೇ ಇದೆ: ನಡುವೆ ನಿಲ್ಲುವ ಸಿಲಿಂಡರ್. ಇಂಧನ ಟ್ಯಾಂಕಿನ ಭಾರ ಅದಕ್ಕೆ, ಅದರ ಬುಡ ರಾಕೆಟ್ಟಿಗೆ. ಉಳಿದ ಉಪಕರಣಗಳು ಅದರ ಸುತ್ತಲಿನ ಜೇನುಗೂಡು ಹಲಗೆಗಳ ಮೇಲೆ ಕೂರುತ್ತವೆ. ಹೊರೆಯ ದಾರಿ ನೇರ, ಗಿಡ್ಡ. ಚಪ್ಪಟೆ ಹಲಗೆಯ ಕೆಲಸಕ್ಕೆ ಜೇನುಗೂಡನ್ನು ಮೀರಿಸುವ ಜಾಲ ಸಿಗುವುದು ಕಷ್ಟ. ತೆಳುವಾದ ಎರಡು ಹಾಳೆಗಳನ್ನು ದೂರ ದೂರ ಹಿಡಿದಿಡುವುದರಲ್ಲೇ ಅದರ ಬಲವಿದೆ. ಮೂಳೆಯಂಥ ಕವಲು ರಚನೆಗೆ ತಕ್ಕ ಜಾಗವೆಂದರೆ ಬ್ರಾಕೆಟ್‌ಗಳು, ಆಂಟೆನಾದ ಆಸರೆಗಳು, ಹಲವು ದಿಕ್ಕಿನ ಬಲಗಳು ಒಂದೆಡೆ ಬಂದು ಕೂಡುವ ಗಂಟುಗಳು.

ಕಸದ ಮಾತು ಬೇರೆ. ಕೆಳಕಕ್ಷೆಯಲ್ಲಿ ಡಿಕ್ಕಿಯ ವೇಗ ಸರಾಸರಿ ಸೆಕೆಂಡಿಗೆ 10 ಕಿ.ಮೀ. ಆ ವೇಗಕ್ಕೆ ಏಣು, ಕಡ್ಡಿ ಯಾವುದೂ ಲೆಕ್ಕಕ್ಕಿಲ್ಲ, ಬೇಕಾದದ್ದು ಖಾಲಿ ಅಂತರ. 1940ರ ದಶಕದಲ್ಲಿ ಖಗೋಳವಿಜ್ಞಾನಿ ಫ್ರೆಡ್ ವಿಪಲ್ ಸೂಚಿಸಿದಂತೆ ಹೊರಗೆ ಒಂದು ತೆಳು ಹಾಳೆ, ಕೆಲವು ಸೆಂ.ಮೀ. ಖಾಲಿ ಜಾಗ, ಆಮೇಲೆ ಗೋಡೆ. ಕಣ ಹೊರಹಾಳೆಗೆ ಬಡಿದು ಪುಡಿಯಾಗಿ, ಆ ಪುಡಿ ಅಂತರದಲ್ಲಿ ಹರಡಿ, ಗೋಡೆಯ ಒಂದೇ ಚುಕ್ಕಿಯ ಮೇಲೆ ಬೀಳುವುದು ತಪ್ಪುತ್ತದೆ. ಈ ಅಂತರವನ್ನು ಜೇನುಗೂಡಿನಿಂದ ತುಂಬಿದರೆ ಕೋಶದ ಗೋಡೆಗಳು ಪುಡಿಯನ್ನು ಹರಡಗೊಡದೆ ಕೊಳವೆಯಂತೆ ಒಂದೇ ಕಡೆಗೆ ಕಳಿಸುತ್ತವೆ, ರಕ್ಷಣೆ ಕುಗ್ಗುತ್ತದೆ. ಆದ್ದರಿಂದ ಹೊರೆ ಹೊರುವ ಹಂದರ ಒಳಗೆ, ಕಸ ತಡೆಯುವ ಹಾಳೆ ಹೊರಗೆ, ಎರಡನ್ನೂ ಸೇರಿಸುವ ಆಸರೆಗಳು ಸಾಧ್ಯವಾದಷ್ಟು ಕಡಿಮೆ ಇರಬೇಕು. ಜೇನುಗೂಡು ಬಳಸುವ ಕಡೆಗಳಲ್ಲಿ ಕೋಶಗಳಿಗೆ ಗಾಳಿ ಹೊರಹೋಗುವ ಸೂಕ್ಷ್ಮ ರಂಧ್ರ ಇದೆಯೇ ಎಂದು ಖಾತ್ರಿ ಮಾಡಿಕೊಳ್ಳಬೇಕು. ಇಲ್ಲದಿದ್ದರೆ ರಾಕೆಟ್ಟು ಮೇಲೇರಿದಂತೆ ಒಳಗೆ ಸಿಕ್ಕ ನೆಲದ ಗಾಳಿಯೇ ಮೇಲಿನ ಹಾಳೆಯನ್ನು ಅಂಟಿನಿಂದ ಕಿತ್ತು ಎಬ್ಬಿಸುತ್ತದೆ.